ಹುಳಿಯಿಲ್ಲದ ಪುಂಡಿ

ಅಮೆರಿಕದ ಸ್ಟರ್ಲಿಂಗ್‌ನಲ್ಲಿ ನಮ್ಮ ಗ್ರೀನ್ ಕಾರ್ಡ್ ಅರ್ಜಿ ಬಾಕಿಯಿದ್ದಾಗ ಗದಗಿನಿಂದ ಅತ್ತೆ ಬಂದಿದ್ದರು. ಒಂದು ಬೆಳಿಗ್ಗೆ ನೋಡಿದರೆ, ಪಕ್ಕದ ಮನೆಯ ಮುದುಕನ ಹಿತ್ತಲಲ್ಲಿ ಗಾಳಿಗೆ ಮುರಿದ ಗಾಂಜಾ ಟೊಂಗೆಗೆ ಕಡ್ಡಿ ಆನಿಸಿ, ಹಳೇ ಸೀರೆಯ ಚೂರಿನಿಂದ ಪಟ್ಟಿ ಕಟ್ಟುತ್ತಿದ್ದಾರೆ. ಊರಲ್ಲಿ ಪಲ್ಯ ಮಾಡುವ ಹುಳಿಸೊಪ್ಪು ಪುಂಡಿಯ ಎಲೆಯೂ ಗಾಂಜಾ ಎಲೆಯೂ ನೋಡಲು ಅಣ್ಣತಮ್ಮಂದಿರು. ಪೊಲೀಸರಿಗೆ ಗೊತ್ತಾದರೆ ಅರ್ಜಿಯೊಂದಿಗೆ ನಾವೂ ವಾಪಸ್.

“ಅತ್ತೆ, ಮೊದಲು ಒಳಗೆ ಬನ್ನಿ!”

“ತಡೀರಿ ಅಳಿಯಂದ್ರ, ಪಾಪ, ಹಿರಿಮನಷ್ಯಾ ಅಳಾಕ ಹತ್ಯಾನ. ಪಲ್ಯಾಕ ಒಂದ್ ಹಿಡಿ ಪುಂಡಿ ತಪ್ಪಲಾ ಕೇಳ್ರಿ.”

“ಗಿಡ ಬೇಗ ಗುಣವಾಗಲಿ ಅಂತಿದ್ದಾರೆ,” ಎಂದು ಮುದುಕನಿಗೆ ಅನುವಾದಿಸಿದೆ. ಅಷ್ಟರಲ್ಲಿ ಅತ್ತೆ ಒಂದು ಎಲೆ ಅಗಿದು ನೋಡಿಯಾಗಿತ್ತು.

ಟೊಂಗೆ ಕೂಡಿಕೊಂಡಿತು, ಕಾರ್ಡೂ ಬಂತು. ಅಮೆರಿಕದ ಪುಂಡಿಗೆ ಹುಳಿಯೇ ಇಲ್ಲವೆಂದು ಅತ್ತೆ ಇಂದಿಗೂ ಗದಗಿನಲ್ಲಿ ಹೇಳುತ್ತಾರೆ. ನಾನು ಹೌದೆನ್ನುತ್ತೇನೆ.