ಸಫಿಯಾ, ಆ ತಪ್ಪು ನನ್ನದು

ಫೋನ್ ಇಟ್ಟು ಎರಡು ಗಂಟೆಯಾಯಿತು...
ಇನ್ನೂ ನಂಬಲಾಗುತ್ತಿಲ್ಲ.

ಮೂಡುಬಿದಿರೆಯ ಕಾಲೇಜಿನಲ್ಲಿ ನನ್ನೊಂದಿಗೆ ಹದಿನೈದು ವರ್ಷ ದುಡಿದ ಬಯಾಲಜಿ ಲೆಕ್ಚರರ್ ಸಫಿಯಾ ಇನ್ನಿಲ್ಲ.
ಬೆಳಿಗ್ಗೆ, ಬಂಟ್ವಾಳದ ಮನೆಯಲ್ಲಿ... ಹೃದಯಾಘಾತ.

ನಿಮ್ಮಲ್ಲಿ ಅನೇಕರು ಅವಳ ವಿದ್ಯಾರ್ಥಿಗಳು.
ನಿಮಗೆ ಗೊತ್ತಿಲ್ಲದ್ದೊಂದು ಹೇಳಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಂಗಿ ಸುಜಾತಳಿಗೆ ರಕ್ತದ ಕ್ಯಾನ್ಸರ್.
ಕೀಮೋ ಜೊತೆಗೆ ದಿನವೂ ನುಂಗಲು ಕ್ಯಾಪ್ಸೂಲ್.
"ಎಂತ ಮದ್ದು ಇದು?" ಅಮ್ಮ ಕೇಳಿದರು.
ಲೀಫ್‌ಲೆಟ್ ಓದಿ ಹೇಳಿದೆ, "ವಿಟಮಿನ್ ಎ ಜಾತಿಯದ್ದು."
ಇಂಗ್ಲಿಷ್ ಬಲ್ಲವಳೆಂಬ ಧೈರ್ಯ...

ಅದನ್ನು ನುಂಗಿದರೆ ಸುಜಾತಳಿಗೆ ತಲೆನೋವು.
ಬರೇ ವಿಟಮಿನ್ ತಾನೇ ಎಂದು ಅಮ್ಮ ಕ್ಯಾಪ್ಸೂಲ್ ನಿಲ್ಲಿಸಿ ಕ್ಯಾರೆಟ್ ಜ್ಯೂಸ್ ಕೊಡತೊಡಗಿದರು.
ಮೂರನೇ ದಿನ ಸ್ಟಾಫ್ ರೂಮಿನಲ್ಲಿ ಮಾತಿನ ನಡುವೆ ಇದನ್ನು ಹೇಳಿದೆ.

ಸಫಿಯಾ... ನೀನು ಅರ್ಧ ಊಟಕ್ಕೆ ಟಿಫಿನ್ ಮುಚ್ಚಿ ಎದ್ದೆ.
"ಬಾ ಮಾರಾಯ್ತಿ, ಬೆಳ್ತಂಗಡಿಗೆ, ನಿಮ್ಮ ಮನೆಗೆ ಹೋಗುವ. ಈಗಲೇ."

ನಮ್ಮ ಅಡುಗೆಮನೆಯಲ್ಲಿ ಕೂತು, ನೀನು ಅಮ್ಮನಿಗೆ ತುಳುವಿನಲ್ಲಿ ಬಿಡಿಸಿ ಹೇಳಿದೆ.
ರಕ್ತದಲ್ಲಿನ ಈ ಕ್ಯಾನ್ಸರ್ ಕಣಗಳು ಒಂದನೇ ಕ್ಲಾಸಿನಲ್ಲೇ ಕೂತ ಮಕ್ಕಳ ಹಾಗೆ. ಬೆಳೆಯುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ.
ಮುಂದಿನ ಕ್ಲಾಸಿಗೆ ಹೋಗಿ ಎನ್ನುವ ಬೆಲ್ ಕೇಳಿಸಿಕೊಳ್ಳುವ ಕಿವಿ ಅವುಗಳೊಳಗೆ ಕೆಟ್ಟಿದೆ. ಆ ಕಿವಿಗೇ ರಿಸೆಪ್ಟರ್ ಎನ್ನುವುದು.
ಕ್ಯಾರೆಟಿನ ಸಣ್ಣ ಬೆಲ್ ಅದಕ್ಕೆ ಕೇಳದು. ಕ್ಯಾಪ್ಸೂಲಿನ ದೊಡ್ಡ ಬೆಲ್ ಕೇಳುತ್ತದೆ.
ಆಗ ಅವು ಬೆಳೆದು, ದೊಡ್ಡವಾಗಿ, ಕಾಲ ಬಂದಾಗ ತಾವೇ ಹೋಗುತ್ತವೆ.

"ಮತ್ತೆ ಇವಳು ಬರೇ ವಿಟಮಿನ್ ಅಂದದ್ದು?" ಅಮ್ಮ ನನ್ನತ್ತ ತಿರುಗಿದರು.
"ಇವಳಿಗೆ ಹಾಗೆ ಹೇಳಿದ್ದು ನಾನೇ ಅಮ್ಮಾ. ತಪ್ಪಾಯ್ತು," ಎಂದುಬಿಟ್ಟೆ ನೀನು.

ನಾನು ಸುಮ್ಮನಿದ್ದೆ.
ಯಾಕೆ ಸುಮ್ಮನಿದ್ದೆ... ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ.

ಕ್ಯಾಪ್ಸೂಲ್ ಅಂದೇ ಮತ್ತೆ ಶುರುವಾಯಿತು.
ಕೆಲವು ವಾರಗಳ ನಂತರ ಬ್ಲಡ್ ರಿಪೋರ್ಟ್ ಹಿಡಿದು ಕಾರಿಡಾರಿನಲ್ಲಿ ನೀನು ಹೇಳಿದೆ, "ಪಾಸ್ ಆಗ್ತಾ ಉಂಟು ಮಾರಾಯ್ತಿ, ಎಲ್ಲ ಪಾಸ್ ಆಗ್ತಾ ಉಂಟು."

ಸುಜಾತಳ ಮಗಳಿಗೆ ಈಗ ನಾಲ್ಕು ವರ್ಷ.
ನಿನ್ನನ್ನು ನೋಡಲು ಇಬ್ಬರೂ ಹೊರಟು ನಿಂತಿದ್ದಾರೆ.

ಈಗಷ್ಟೇ ಅಮ್ಮನಿಗೆ ನಿಜ ಹೇಳಿದೆ.
ಅಮ್ಮ ಕಣ್ಣೊರೆಸಿಕೊಂಡರು.
"ಅದು ನಂಗೆ ಅವತ್ತೇ ಗೊತ್ತುಂಟು. ಅಷ್ಟು ಚಂದ ಬಿಡಿಸಿ ಹೇಳುವವಳು ತಪ್ಪು ಹೇಳ್ತಾಳಾ? ಅವಳು ಬಂದಾಗೆಲ್ಲ ನಾವಿಬ್ರೂ ನಿನ್ನ ಬಗ್ಗೆ ಎಷ್ಟು ನಗಾಡಿದ್ದೇವೆ ಗೊತ್ತುಂಟಾ?"

ಹೋಗಿ ಬಾ ಸಫಿಯಾ...
ನಿನ್ನ ಜೀವ ತಣ್ಣಗಿರಲಿ.