ಅಕ್ಕನ ಮನೆಗೆ ಇನ್ವರ್ಟರು ತಂದದ್ದು

ಸಂಜೆ ಕಾಫಿ ಕುಡಿಯುತ್ತಿದ್ದಾಗ ಕರೆಂಟು ಹೋಯಿತು. ಮೂಲೆಯಲ್ಲಿದ್ದ ಇನ್ವರ್ಟರು ಒಮ್ಮೆ ಟಕ್ಕೆಂದಿತು. ತಲೆಯ ಮೇಲಿನ ಫ್ಯಾನು ಏನೂ ಆಗಿಲ್ಲವೆಂಬಂತೆ ತಿರುಗುತ್ತಲೇ ಇತ್ತು. ಪಾಂಡವಪುರದ ನಮ್ಮ ಮನೆಯಲ್ಲಿ ಆ ಸದ್ದಿಗೆ ಯಾರೂ ತಲೆಯೆತ್ತುವುದಿಲ್ಲ. ನನಗೆ ಮಾತ್ರ ಅದು ಕೇಳಿದಾಗಲೆಲ್ಲ ಅರಕೆರೆಯ ಅಕ್ಕ ನೆನಪಾಗುತ್ತಾಳೆ.

ನಿಮಗೂ ಇಂಥ ಅಕ್ಕ ಇದ್ದಿರಬಹುದು. ತಮ್ಮ ಹೈಸ್ಕೂಲು ಮೇಷ್ಟ್ರಾದ ಕೂಡಲೇ ಸಕಲ ವಿದ್ಯೆಯೂ ಅವನಿಗೆ ಬಂದುಬಿಟ್ಟಿತು ಎಂದು ನಂಬುವವಳು. ನಾನು ಕಲಿಸುವುದು ಇತಿಹಾಸ. ಆದರೂ ಅವಳ ಮನೆಯ ಮೋಟಾರು ಕೆಟ್ಟರೂ, ಹಸು ಮೇವು ಬಿಟ್ಟರೂ ನನಗೇ ಫೋನು. ಕೆಲವು ವರ್ಷಗಳ ಹಿಂದೆ ಅವಳ ಶ್ವಾಸಕೋಶ ಸೋತಿತು. ಅರ್ಧ ಆಯುಸ್ಸು ಸೌದೆ ಒಲೆ ಊದಿದವಳು. ಮನೆಗೆ ಕಳಿಸುವಾಗ ಡಾಕ್ಟರು, ಆಕ್ಸಿಜನ್ ಮೆಷಿನ್ನು ಸದಾ ನಡೆಯುತ್ತಿರಬೇಕು, ಕರೆಂಟು ಹೋದರೂ ನಿಲ್ಲಬಾರದು ಅಂದರು. ನಮ್ಮ ಕಡೆ ಗಾಳಿ ಬೀಸಿದರೆ ಮೊದಲು ಹೋಗುವುದೇ ಕರೆಂಟು ಎಂದು ಅವರಿಗೆ ಯಾರು ಹೇಳಬೇಕು?

ಭಾವ ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕುವವರು, ಮಾತು ಕಡಿಮೆ. ಅವತ್ತು ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಅದೇನ್ ಬ್ಯಾಟ್ರಿ ಬೇಕೋ ನೀನೇ ನೋಡ್ಲಾ ಮೇಷ್ಟ್ರೇ. ನಂಗೆ ತಿಳೀದು" ಅಂದರು.

ನಾನು ಇಂಜಿನಿಯರಾದೆ. ಮೆಷಿನ್ನು ಎಷ್ಟು ಎಳೆಯುತ್ತದೆ, ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ಶ್ರೀರಂಗಪಟ್ಟಣದ ಅಂಗಡಿಗಳನ್ನೆಲ್ಲ ಸುತ್ತಿದೆ. ಬಾಯಿ ತೆರೆದರೆ ಲೋಡು, ಬ್ಯಾಕಪ್ಪು. ಊಟಕ್ಕೆ ಕೂತಾಗ ಹೆಂಡತಿ, "ಇನ್ನೊಂದು ಮುದ್ದೆ ಹಾಕಲೋ, ಲೋಡು ಜಾಸ್ತಿಯಾಗುತ್ತೋ?" ಎಂದು ಕೇಳಿದಳು.

ಆಮೇಲೆ ಬಂತು ನಿಜವಾದ ಕಷ್ಟ. ಕರೆಂಟು ಹೋದಾಗ ಮೆಷಿನ್ನಿನ ಜೊತೆಗೆ ಇನ್ನೇನೇನು ನಡೆಯಬೇಕು ಎಂದು ಅಕ್ಕ ಭಾವ ಇಬ್ಬರನ್ನೂ ಕೇಳಿದೆ. ಟೀವಿ? ಬೇಡ. ಫ್ಯಾನು? ಬೇಡ. ಭಾವ ಎಲ್ಲಕ್ಕೂ ತಲೆಯಾಡಿಸುತ್ತಾ ಬಂದರು. ಮೂಗಿಗೆ ಪೈಪು ಸಿಕ್ಕಿಸಿಕೊಂಡು ಮಂಚದ ಮೇಲೆ ಕೂತಿದ್ದ ಅಕ್ಕ ಮೆಲ್ಲಗೆ, "ಕೊಟ್ಟಿಗೆಗೆ ಒಂದ್ ಬಲ್ಬು ಆಕ್ಸಪ್ಪ" ಅಂದಳು. ಹಿಂದಿನ ಮಳೆಗಾಲದಲ್ಲಿ ಭಾವ ಕತ್ತಲಲ್ಲಿ ಹಾಲು ಕರೆಯಲು ಹೋಗಿ, ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು.

"ಬ್ಯಾಡ" ಅಂದರು ಭಾವ.

ಈಗಿನ ಬಲ್ಬು ಬ್ಯಾಟರಿ ತಿನ್ನುವುದು ತೀರಾ ಕಡಿಮೆ ಎಂದು ನಾನು ತಿಳಿಹೇಳಿದೆ.

"ಒಸಿನಾದ್ರೂ ತಿಂತದಲ್ವಾ?"

"ತಿನ್ನುತ್ತೆ."

"ಇವ್ಳ ಉಸ್ರು ತಿನ್ನೋ ಬಲ್ಬು ನಂಗ್ಯಾಕ್ಲಾ?"

ಅಕ್ಕ ಮೂಗಿನ ಪೈಪು ಕಿತ್ತು ಮಡಿಲಲ್ಲಿಟ್ಟುಕೊಂಡಳು. "ಅಂಗಾದ್ರೆ ನಂಗೂ ಮೆಷಿನ್ ಬ್ಯಾಡ. ನೀವು ಅಲ್ಲಿ ಬಿದ್ದಿದ್ರೆ ನಾನ್ ಇಲ್ಲಿ ಉಸ್ರಾಡಿ ಏನ್ ಮಾಡ್ಲಿ?" ಅಷ್ಟು ಹೇಳುವುದರೊಳಗೆ ಅವಳಿಗೆ ಏದುಸಿರು. ಭಾವ ಗಾಬರಿಯಿಂದ ಎದ್ದು, ಪೈಪನ್ನು ತಿರುಗಿ ಸಿಕ್ಕಿಸಿದರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಗಂಡಹೆಂಡಿರು ಜಗಳವಾಡುವುದನ್ನು ನೋಡಿದ್ದೇನೆ. ಇಂಥ ಜಗಳ ನೋಡಿರಲಿಲ್ಲ.

ಕೊನೆಗೆ ನಾನೇ ದಾರಿ ಹುಡುಕಿದೆ. ಹೊಸದೊಂದು ದೊಡ್ಡ ಇನ್ವರ್ಟರಿಗೆ ಒಂದು ರಾತ್ರಿ ಪೂರ್ತಿ ತಡೆಯುವಷ್ಟು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಮೆಷಿನ್ನಿಗೇ ಮೀಸಲಿಡುವುದು, ನಮ್ಮ ಮನೆಯ ಹಳೆಯ ಪುಟ್ಟ ಇನ್ವರ್ಟರನ್ನು ಬಿಚ್ಚಿ ತಂದು ಕೊಟ್ಟಿಗೆಗೆ ಹಾಕುವುದು. ಬಲ್ಬಿಗೂ ಉಸಿರಿಗೂ ಸಂಬಂಧವೇ ಇರಬಾರದು. ಹೆಂಡತಿ ಮಾತು ಮುಗಿಸಲೂ ಬಿಡದೆ, "ಮೊದಲು ತಗೊಂಡು ಹೋಗಿ" ಅಂದಳು. ನಮಗೆ ಹೊಸದು ಬಂದದ್ದು ಬಹಳ ದಿನದ ಮೇಲೆ.

ಮುಂಗಾರಿನ ಮೊದಲ ಬಿರುಗಾಳಿಗೆ ಅರಕೆರೆ ಕಡೆ ಕಂಬಗಳು ಉರುಳಿದವು. ಅಕ್ಕನ ಮನೆಗೆ ಫೋನು ಸಿಗಲಿಲ್ಲ. ಬೆಳಕು ಹರಿಯುವ ಮುಂಚೆಯೇ ಬೈಕು ಹತ್ತಿದೆ. ಮನೆ ಸೇರಿದಾಗ ಒಳಗೆ ಮೆಷಿನ್ನು ಬುಸುಗುಡುತ್ತಿತ್ತು. ಜೀವ ಬಂದಂತಾಯಿತು. ಆದರೆ ಮಂಚ ಖಾಲಿ. ಕೊಟ್ಟಿಗೆಯ ಇನ್ವರ್ಟರು ವೈರು ಬಿಚ್ಚಿಸಿಕೊಂಡು ಮಂಚದ ಪಕ್ಕದಲ್ಲಿ ಕೂತಿದೆ! ದೊಡ್ಡದು ಕೈಕೊಟ್ಟರೆ ಇರಲಿ ಎಂದು ಭಾವ ಎತ್ತಿ ತಂದಿದ್ದರು.

ಪೈಪಿನ ಜಾಡು ಹಿಡಿದು ನಡೆದೆ. ಅದು ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಿಗೆ ಮುಟ್ಟಿತ್ತು. ಹೊಸ್ತಿಲ ಮೇಲೆ ಅಕ್ಕ ಕಂಬಳಿ ಹೊದ್ದು ಕೂತಿದ್ದಳು. ಕೈಯಲ್ಲಿ ಟಾರ್ಚು. ಅದರ ಬೆಳಕು ಎದುರಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಭಾವನ ಕಾಲ ಬುಡದಲ್ಲಿ ಬಿದ್ದಿತ್ತು.

"ಎಡಕ್ಕೆ ಸಗಣಿ ಐತೆ, ನೋಡ್ಕಂಡ್ ಏಳಿ" ಅಂದಳು ಅಕ್ಕ.

"ಕಾಣ್ತಾ ಐತೆ, ಒಳಕ್ ಓಗು. ಚಳಿ" ಅಂದರು ಭಾವ, ತಿರುಗದೆ.

ನನ್ನನ್ನು ಅವರಿಬ್ಬರೂ ಗಮನಿಸಿರಲಿಲ್ಲ. ನಾನೂ ಕೆಮ್ಮಲಿಲ್ಲ. ಕರೆದು ಮುಗಿಯುವವರೆಗೆ ಬಾಗಿಲ ಹಿಂದೆಯೇ ನಿಂತೆ.

ಅವತ್ತೇ ಭಾವ ಇನ್ವರ್ಟರನ್ನು ವಾಪಸ್ಸು ಕೊಟ್ಟಿಗೆಗೆ ಹೊತ್ತರು. ಈಗ ಅಲ್ಲಿ ಕರೆಂಟು ಹೋದರೂ ಬೆಳಕು ಆರುವುದಿಲ್ಲ. ಆದರೂ ಅಕ್ಕ ಹಾಲು ಕರೆಯುವ ಹೊತ್ತಿಗೆ ಹೊಸ್ತಿಲಿಗೆ ಬಂದು ಕೂರುತ್ತಾಳಂತೆ.

ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಫೋನು ಮಾಡಿದೆ. ಅಪರೂಪಕ್ಕೆ ಭಾವನೇ ಎತ್ತಿದರು. ಯೋಗಕ್ಷೇಮ ಮುಗಿದ ಮೇಲೆ, ಇಡುವ ಮುಂಚೆ, "ಲೇ ಮೇಷ್ಟ್ರೇ, ಇನ್ನೊಸಿ ಉದ್ದದ ಪೈಪ್ ಸಿಗ್ತದಾ?" ಅಂದರು.

ಮಳೆ ಹನಿಯುತ್ತಿದ್ದರೂ ಕೊಡೆ ಹಿಡಿದು ಮೆಡಿಕಲ್ ಸ್ಟೋರಿಗೆ ಹೋದೆ.

"ಎಲ್ಲಿಂದ ಎಲ್ಲೀಗಂಟ ಬೇಕು ಸಾರ್?" ಎಂದು ಅಂಗಡಿಯವನು ಕೇಳಿದ.

"ಮಂಚದಿಂದ ಕೊಟ್ಟಿಗೆಗೆ" ಅಂದೆ.