ಶಿವಲೀಲಾಳ ಗುಳಿಗೆ ಮತ್ತು ನನ್ನ ಹರಕೆ

ಮಸ್ಕಿ ಕಡೆ ಸಮಾಧಿಯಾದ ನಮ್ಮ ಶರಣ ತಾತನ ಗದ್ದುಗೆಗೆ ನಡೆದುಕೊಳ್ಳುವ ಎಲ್ಲ ಭಕ್ತರಿಗೆ ಸಿಂಧನೂರಿನ ಪಂಪಣ್ಣ, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಶರಣು ಮಾಡುತ್ತೇನೆ. ಮೂರು ವರ್ಷದ ಹಿಂದೆ ಅಮಾವಾಸ್ಯೆಯ ಭಜನೆ ಮುಗಿದ ಮೇಲೆ ನಾನು ಎದ್ದು ನಿಂತು ಹೇಳಿದ ಅನುಭವ ನಿಮಗೆ ನೆನಪಿರಬಹುದು. ಅಲ್ಲಿಲ್ಲದವರು ಮೊಬೈಲಿನಲ್ಲಿ ನೋಡಿದ್ದೀರಿ. ಮೂರ್ಛೆರೋಗದ ಮಗಳ ಗುಳಿಗೆಗಳನ್ನು ಕಾಲುವೆಗೆ ಎಸೆದೆ, ತಾತ ಗುಣ ಮಾಡಿದ ಎಂದು ಹೇಳಿದ್ದೆ. ಆ ಮಾತನ್ನು ನಂಬಿ ಒಬ್ಬ ಹುಡುಗ ಸತ್ತಿದ್ದಾನೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಮಗಳು, ಅಳಿಯ ಇಬ್ಬರೂ ಬರೆ ಎಂದಿದ್ದಾರೆ.

ಶಿವಲೀಲಾ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಮುಂಜಾನೆ ಅಂಗಳದಲ್ಲಿ ಬಿದ್ದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಓಣಿಯವರು ಕೈಗೆ ಕಬ್ಬಿಣದ ಕೀಲಿ ಕೊಟ್ಟರು, ಮೂಗಿಗೆ ಚಪ್ಪಲಿ ಹಿಡಿದರು. ಡಾಕ್ಟರ್ ಶೇಷಗಿರಿಯವರು ಲುಂಗಿಯಲ್ಲೇ ಮೋಟಾರ್ ಸೈಕಲ್ ಮೇಲೆ ಬಂದರು. "ಚಪ್ಲಿ ಕಾಲಿಗೆ ಹಾಕ್ಕೊಳ್ರೋ, ಆಕಿ ಮೂಗಿಗಲ್ಲ" ಎಂದು ಬೈದು, ಮಗಳನ್ನು ಮಗ್ಗುಲಾಗಿ ಹೊರಳಿಸಿ ಪಕ್ಕದಲ್ಲೇ ಕುಳಿತರು. ಮರುದಿನ ರಾಯಚೂರಿಗೆ ಪರೀಕ್ಷೆಗೆ ಕಳಿಸಿದರು. ಆಮೇಲೆ ದಿನಾ ಎರಡು ಹೊತ್ತು ಗುಳಿಗೆ.

ಅವರ ಬಗ್ಗೆ ಇಷ್ಟು ಹೇಳಬೇಕು. ಮೂವತ್ತು ವರ್ಷಕ್ಕಿಂತ ಹೆಚ್ಚಾಯಿತು, ಅದೇ ಒಂದು ಖೋಲಿ, ಅದೇ ಎರಡು ಬೆಂಚು. ಓದು ಬಾರದವರಿಗೆ ಗುಳಿಗೆಯ ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆದು ಕೊಡುತ್ತಾರೆ. ಬೇಕಿಲ್ಲದ ಇಂಜೆಕ್ಷನ್ ಮಾಡುವುದಿಲ್ಲ. ಅದಕ್ಕಾಗಿಯೇ ಅರ್ಧ ಊರು ಅವರ ಮೇಲೆ ಸಿಟ್ಟಾಗಿದೆ. ನನ್ನ ತಾಯಿ ಪ್ರಾಣ ಬಿಡುವಾಗ ಅವರು ತಮ್ಮ ಮನೆಯ ಮದುವೆ ಬಿಟ್ಟು ಬಂದು ನಮ್ಮ ಮನೆಯಲ್ಲಿದ್ದರು.

ಎರಡು ವರ್ಷ ಮಗಳಿಗೆ ಏನೂ ಆಗಲಿಲ್ಲ. ಲಿಂಗಸುಗೂರಿನಿಂದ ಒಳ್ಳೆಯ ಸಂಬಂಧ ಬಂತು. ನಾನು ಡಾಕ್ಟರ ಬಳಿ ಹೋಗಿ ಗುಳಿಗೆ ನಿಲ್ಲಿಸಿರಿ ಎಂದೆ.

"ಈಗ ಆಗಂಗಿಲ್ಲ ಪಂಪಣ್ಣ. ಹುಡುಗಗ ಹೇಳು. ನಿನಗ ಬಾಯಿ ಬರಲಿಲ್ಲಂದ್ರ ನಾನ ಬಂದು ಹೇಳ್ತೀನಿ. ಇದೇನು ಅಂಟುರೋಗ ಅಲ್ಲ."

"ನನ್ನ ಮಗಳ ಮದುವಿ ಮುರಿಯಾಕ ನಿಂತೀರೇನ್ರಿ ಸಾಹೇಬ್ರ?" ಎಂದು ಬೆಂಚಿನ ಮೇಲಿದ್ದವರೆಲ್ಲ ಕೇಳುವಂತೆ ಕೂಗಿ ಬಂದೆ.

ಅವತ್ತೇ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಕಟ್ಟಿಕೊಂಡು ಮಸ್ಕಿ ಬಸ್ ಹತ್ತಿದೆ. ಗದ್ದುಗೆಯ ಮುಂದೆ ಇಟ್ಟು, "ತಾತಾ, ಇನ್ನು ನೀನೇ ನೋಡಿಕೋ" ಎಂದೆ. ವಾಪಸು ಬರುವಾಗ ಅವನ್ನು ಕಾಲುವೆಗೆ ಎಸೆದೆ. ನನ್ನ ಹೆದರಿಕೆಗೆ ನಾನೇ ಭಕ್ತಿ ಎಂದು ಹೆಸರಿಟ್ಟೆ.

ಮದುವೆ ಆಯಿತು. ಮಗಳು ಬೀಳಲಿಲ್ಲ. ಮೊಮ್ಮಗ ಹುಟ್ಟಿದ. ಆಗಲೇ ನಾನು ನಿಮ್ಮ ಮುಂದೆ ನಿಂತು ಹಾಗೆ ಹೇಳಿದ್ದು. ಸುಮ್ಮನೆ ಹೇಳಲಿಲ್ಲ, ಡಾಕ್ಟರನ್ನು ಅಣಕಿಸಿದೆ. ನೀವು ನಕ್ಕಿರಿ, ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ಆಮೇಲೆ ದವಾಖಾನೆಗೆ ಹೋದವನೊಬ್ಬ, "ಸಾಹೇಬ್ರ, ನಿಮ್ಮ ಗುಳಿಗಿಗಿಂತ ತಾತನ ಬೂದಿ ಜೋರ ಐತಲ್ರಿ" ಎಂದು ಕೆಣಕಿದನಂತೆ. "ಬೂದಿನೂ ಹಚ್ಚಿಕೋ, ಗುಳಿಗಿನೂ ನುಂಗು. ತಾತ ಬ್ಯಾಡ ಅಂದಾನೇನು?" ಎಂದು ಡಾಕ್ಟರು ನಾಡಿ ಹಿಡಿದರಂತೆ. ಅಷ್ಟೇ.

ಆ ಅಮಾವಾಸ್ಯೆಯ ದಿನ ಸಾಲಗುಂದದ ನಿಂಗಪ್ಪ ನನ್ನ ಹಿಂದೆಯೇ ಹೊರಗೆ ಬಂದ. ಅವನ ಮಗ ಅಮರೇಶನಿಗೂ ಅದೇ ರೋಗ, ಅದೇ ಡಾಕ್ಟರು.

"ಅಣ್ಣಾ, ನಮ್ಮ ಹುಡುಗಗೂ ಬಿಡಿಸ್ಲೇನು?"

"ನಂಬಿಕಿ ಇದ್ರ ಬಿಡಿಸು."

ಮೂರೇ ಮಾತು. ಹೇಳುವಾಗ ನಾನು ಚಪ್ಪಲಿ ಹುಡುಕುತ್ತಿದ್ದೆ, ಅವನ ಮುಖ ಕೂಡ ನೋಡಲಿಲ್ಲ.

ನಿಂಗಪ್ಪ ಗುಳಿಗೆ ಬಿಡಿಸಿದ. ಅಮರೇಶ ಎರಡು ವರ್ಷ ಹೊರಗಿನವರ ಕಣ್ಣಿಗೆ ಚೆನ್ನಾಗಿಯೇ ಇದ್ದ. ನಡುವೆ ಒಂದೆರಡು ಸಲ ಬಿದ್ದಿದ್ದನ್ನು ಮನೆಯವರು ಯಾರಿಗೂ ಹೇಳಲಿಲ್ಲ. ಹೋದ ವರ್ಷ ಭತ್ತದ ನಾಟಿಯ ಹೊತ್ತಿನಲ್ಲಿ ಗದ್ದೆಗೆ ನೀರು ತಿರುವಲು ಹೋದವನು ಕಿರುಗಾಲುವೆಯಲ್ಲಿ ಬೋರಲು ಬಿದ್ದ. ಮೊಣಕಾಲುದ್ದ ನೀರು. ಸಿಂಧನೂರಿಗೆ ತಂದಾಗ ಜೀವ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ.

ಅವನನ್ನು ಮಣ್ಣು ಮಾಡುವಾಗ ನಾನೂ ಹೋಗಿದ್ದೆ. ಅಲ್ಲಿ ನಾನು ಹೇಳಿದ ಮಾತನ್ನೂ ಬರೆಯಲೇಬೇಕು. "ನಿಂಗಪ್ಪಂದು ನಂಬಿಕಿ ಎಲ್ಲೋ ಕಡಿಮಿ ಬಿತ್ತು" ಎಂದು ಪಕ್ಕದವರಿಗೆ ಹೇಳಿದೆ. ನಿಂಗಪ್ಪ ಎರಡು ಮಾರು ದೂರದಲ್ಲಿದ್ದ. ಕೇಳಿಸಿತು.

ಮೂರನೇ ದಿನ ಶಿವಲೀಲಾ ಮಗನನ್ನು ಎತ್ತಿಕೊಂಡು ಲಿಂಗಸುಗೂರಿನಿಂದ ಮೊದಲ ಬಸ್ಸಿಗೆ ಬಂದಳು. ನೀರು ಕೂಡ ಕುಡಿಯಲಿಲ್ಲ. ಚೀಲದಿಂದ ಗುಳಿಗೆಯ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು.

"ಒಂದು ದಿನಾನೂ ಬಿಟ್ಟಿಲ್ಲಪ್ಪ. ನೀ ಕಾಲುವಿಗೆ ಒಗೆದ ದಿನಾನ ಅವ್ವ ನನ್ನ ಡಾಕ್ಟರ ಕಡೆ ಕರಕೊಂಡು ಹೋಗಿದ್ಲು."

"ಲಿಂಗಸುಗೂರಿಗೆ ಹೆಂಗ ಬರ್ತಿತ್ತು?"

"ನೀನ ತರ್ತಿದ್ದಿ. ಅವ್ವ ಕೊಡತಿದ್ದ ಶೇಂಗಾಹಿಂಡಿ ಡಬ್ಬಿ ತಳದಾಗ."

ಹೌದು, ತಿಂಗಳಿಗೊಂದು ಚಟ್ನಿಪುಡಿಯ ಡಬ್ಬಿಯನ್ನು ನಾನೇ ನನ್ನ ಸೀಟಿನ ಕೆಳಗೆ ಇಟ್ಟುಕೊಂಡು ಒಯ್ಯುತ್ತಿದ್ದೆ. ಅಳಿಯ ಬಸ್ ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಿದ್ದ. ಅವನಿಗೆ ನಿಶ್ಚಯಕ್ಕೂ ಮೊದಲೇ ಮಗಳು ಫೋನಿನಲ್ಲಿ ಎಲ್ಲ ಹೇಳಿದ್ದಳು. "ಗುಳಿಗಿ ತಾನ? ನಮ್ಮವ್ವ ಬಿಪಿಗೆ ದಿನಾ ನುಂಗತಾಳ" ಅಂದಿದ್ದನಂತೆ. ಬಸಿರಾದಾಗ ಡಾಕ್ಟರು ರಾಯಚೂರಿನ ದೊಡ್ಡ ಡಾಕ್ಟರನ್ನು ಕೇಳಿ ಗುಳಿಗೆ ಬದಲಿಸಿದ್ದರು. ಗೊತ್ತಿಲ್ಲದವನು ನಾನೊಬ್ಬನೇ.

"ನೀ ಬಿಪಿ ಹೆಚ್ಚು ಮಾಡಿಕೊಂಡು ಮದುವಿ ಮುರಿದೀ ಅಂತ ಹೆದರಿ ಸುಮ್ಮನಿದ್ವಿ" ಎಂದು ಒಲೆಯ ಹತ್ತಿರದಿಂದ ಹೆಂಡತಿ ಅಂದಳು. "ಆಮ್ಯಾಲ ನೀ ಭಾಷಣ ಮಾಡಿಬಿಟ್ಟಿ. ನಿನ್ನ ಮರ್ಯಾದಿ ಕಾಯಾಕ ಹೋಗಿ ಆ ಹುಡುಗನ್ನ ಕೊಂದ್ವಿ."

ನಾನು ದವಾಖಾನೆಗೆ ಹೋಗಿ ಕಾಲು ಹಿಡಿಯಲು ಬಗ್ಗಿದೆ. ಡಾಕ್ಟರು ಕುರ್ಚಿ ಹಿಂದೆ ಸರಿಸಿದರು.

"ನಾ ನಿಮ್ಮ ಬಗ್ಗಿ ಆಡಿಕೊಂಡಾಗ ಯಾಕ ಒಂದು ಮಾತು ಹೇಳಲಿಲ್ರಿ ಸಾಹೇಬ್ರ, ನಿನ್ನ ಮಗಳು ಗುಳಿಗಿ ತಗೊಳ್ಳಾಕತ್ತಾಳ ಅಂತ?"

"ಆಕಿ ಬ್ಯಾಡ ಅಂದಿದ್ಲು. ಆಕಿ ಗುಟ್ಟು ನನ್ನ ಆಸ್ತಿ ಅಲ್ಲ. ಅಮರೇಶ ಬರೋದು ನಿಂತ ಮ್ಯಾಲ ಎರಡು ಸಲ ಸಾಲಗುಂದಕ್ಕ ಹೋದೆ. ಮನ್ಯಾಗಿಲ್ಲ ಅಂದ್ರು. ಮೂರನೇ ಸಲ ಹೋಗಬೇಕಿತ್ತು, ಹೋಗಲಿಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕಾಲು ಬಿಡು. ಎಲ್ಲಿ ನಿಂತು ಹೇಳಿದ್ದಿ, ಅಲ್ಲೇ ನಿಂತು ಹೇಳು. ಇನ್ನೂ ಎಷ್ಟು ಮಂದಿ ಬಿಟ್ಟಾರೋ ನನಗ ಗೊತ್ತಿಲ್ಲ."

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ ಇತ್ತು. ಆ ಒಂಬತ್ತು ದಿನ ನಾನು ತಾತನಲ್ಲಿ ಒಂದನ್ನೇ ಬೇಡಿದೆ. ಕ್ಷಮೆ ಬೇಡಲಿಲ್ಲ, ಬೇಡಲು ಮುಖ ಇರಲಿಲ್ಲ. ಆ ದಿನ ಕಾಲು ಹಿಂದೆಗೆಯದಂತೆ, ಬಾಯಿ ಕಟ್ಟದಂತೆ ನೋಡಿಕೋ ಎಂದು ಬೇಡಿದೆ.

ಎದ್ದು ನಿಂತೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಮಣ್ಣಿನ ದಿನದ ಮಾತನ್ನೂ ಹೇಳಿದೆ. ನಿಂಗಪ್ಪ ಕಂಬಕ್ಕೆ ಒರಗಿ ಕುಳಿತಿದ್ದ. ಯಾರೂ ನಗಲಿಲ್ಲ. "ಮುದುಕಗ ತಲಿ ಕೆಟ್ಟೈತಿ" ಎಂದು ಯಾರೋ ಅಂದರು. ನಾನು ಕೂಡಬೇಕು ಅನ್ನುವಷ್ಟರಲ್ಲಿ ಹೆಂಗಸರ ಕಡೆಯಿಂದ ವಳಕಮದಿನ್ನಿಯ ತಾಯಿಯೊಬ್ಬಳು ಎದ್ದಳು. ಪಕ್ಕದಲ್ಲಿ ಹನ್ನೆರಡು ಹದಿಮೂರರ ಮಗಳು.

"ಯಪ್ಪಾ, ನಿನ್ನ ಮಾತು ಮೊಬೈಲಿನ್ಯಾಗ ನೋಡಿ ಈಕಿಗೆ ಬಿಡಿಸೀನಿ. ಎರಡು ತಿಂಗಳಾತು. ನಿನ್ನೆ ಒಲಿ ಮುಂದ ಬಿದ್ದಾಳ. ಮತ್ತ ಶುರು ಮಾಡಬೌದಾ?"

ಹುಡುಗಿಯ ಮೊಣಕೈಗೆ ಬಟ್ಟೆ ಸುತ್ತಿತ್ತು.

"ನನಗ ಗೊತ್ತಿಲ್ಲವ್ವ" ಎಂದೆ. "ಡಾಕ್ಟರ ಕಡೆ ಹೋಗೋಣ."

ನನಗಿಂತ ಮೊದಲು ನಿಂಗಪ್ಪ ಎದ್ದ. ನನ್ನನ್ನು ನೋಡಲಿಲ್ಲ. ಆ ತಾಯಿಯ ಮುಂದೆ ಹೋಗಿ ನಿಂತು, "ನಡಿಯವ್ವ, ನನ್ನ ಆಟೋ ಹೊರಗ ಐತಿ. ಬಸ್ ಕಾಯಬ್ಯಾಡ. ಡಾಕ್ಟರು ಮಧ್ಯಾನ ಎರಡು ಗಂಟೆ ತನಾ ಇರ್ತಾರ" ಎಂದ. ನಾನೂ ಹಿಂದೆ ಹೋದೆ. ಆಟೋದಲ್ಲಿ ಜಾಗ ಇತ್ತು. ನಿಂಗಪ್ಪ ನನ್ನನ್ನು ಹತ್ತಿಸಿಕೊಳ್ಳಲಿಲ್ಲ.

ಆ ಹುಡುಗಿ ಈಗ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ನಿಂಗಪ್ಪ ನನ್ನೊಡನೆ ಮಾತಾಡಿಲ್ಲ. ಆಡಬೇಕು ಎಂದು ನಾನು ಹರಕೆ ಹೊರುವುದಿಲ್ಲ, ಅದು ಅವನಿಗೆ ಬಿಟ್ಟದ್ದು.

ನನ್ನ ನಂಬಿಕೆ ಕಡಿಮೆಯಾಯಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ನನ್ನ ಮಗಳನ್ನು ಕಾಯಿ ಎಂದು ಬೇಡಿದ್ದೆ, ತಾತ ಕಾಯ್ದ. ನಾನು ಬೇಡುವ ಮೊದಲೇ ಆ ಒಂದು ಖೋಲಿಯಲ್ಲಿ ಒಬ್ಬನನ್ನು ಕೂಡಿಸಿಟ್ಟಿದ್ದ. ನಾನು ಆ ಕೃಪೆಯನ್ನು ಉಂಡು, ಅದು ಬಂದ ಬಾಗಿಲನ್ನು ಬೈದೆ, ಇನ್ನೊಬ್ಬನ ಮಗನಿಗೆ ಆ ಬಾಗಿಲು ಮುಚ್ಚಿಸಿದೆ. ಗದ್ದುಗೆಗೆ ಈಗಲೂ ನಡೆದುಕೊಳ್ಳುತ್ತೇನೆ. ನನ್ನ ಹಳೆಯ ಮಾತು ನಿಮ್ಮ ಮೊಬೈಲಿನಲ್ಲಿ ಇದ್ದರೆ ಅಳಿಸಿರಿ. ಯಾರ ಮನೆಯಲ್ಲಾದರೂ ನನ್ನಿಂದ ಗುಳಿಗೆ ನಿಂತಿದ್ದರೆ, ನಾಳೆ ಎನ್ನಬೇಡಿ, ಇವತ್ತೇ ಬಸ್ ಹತ್ತಿರಿ.